ವಲ್ಕನ್ ರೆಂಡರರ್ ಅನ್ನು ಸೋರ್ಸ್ ಕೋಡ್‌ನಿಂದ ಬಿಲ್ಡ್ ಮಾಡುವುದು: ಡ್ರೈವರ್ ಪರೀಕ್ಷೆಯಿಂದ ಪರದೆಯ ಮೇಲಿನ ಚಿತ್ರದವರೆಗೆ

ಗ್ರಾಫಿಕ್ಸ್ ಕಾರ್ಡಿನೊಡನೆ ಮಾತನಾಡಲು ವಲ್ಕನ್ ಎಂಬ ಇಂಟರ್‌ಫೇಸ್ ಬಳಸುವ, ಸಿ++ ಭಾಷೆಯಲ್ಲಿ ಬರೆದ ರಿಯಲ್-ಟೈಮ್ ರೆಂಡರರ್ (ಮೂರು ಆಯಾಮದ ದೃಶ್ಯವನ್ನು ಆ ಕ್ಷಣದಲ್ಲೇ ಚಿತ್ರವಾಗಿಸುವ ಪ್ರೋಗ್ರಾಂ) ಒಂದನ್ನು ತಮ್ಮ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಲು, ಅಂದರೆ ಕೋಡಿನಿಂದ ಓಡಿಸಬಲ್ಲ ಪ್ರೋಗ್ರಾಂ ತಯಾರಿಸಲು, ಹೊರಟವರು ಸಾಮಾನ್ಯವಾಗಿ ಮೂರು ಕಡೆ ಸಿಕ್ಕಿಬೀಳುತ್ತಾರೆ. ಕೆಲವರಿಗೆ ಬಿಲ್ಡನ್ನು ಸಿದ್ಧಪಡಿಸುವ ಸಲಕರಣೆಯಾದ ಸಿಮೇಕ್ ಮೊದಲ ನಿಮಿಷದಲ್ಲೇ ನಿಂತುಹೋಗುತ್ತದೆ. ಕೆಲವರಿಗೆ ಎಲ್ಲ ಫೈಲುಗಳೂ ಕಂಪೈಲ್ ಆಗಿ ಕೊನೆಯ ಲಿಂಕಿಂಗ್‌ನಲ್ಲಿ (ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಘಟ್ಟ) ನೂರಾರು ಸಾಲುಗಳ ಎರರ್ ಬರುತ್ತದೆ. ಉಳಿದವರಿಗೆ ಬಿಲ್ಡ್ ಯಶಸ್ವಿಯಾಗಿ ಮುಗಿದರೂ ತೆರೆದುಕೊಳ್ಳುವ ಕಿಟಕಿ ಪೂರ್ತಿ ಕಪ್ಪಾಗಿರುತ್ತದೆ. ಈ ಮೂರೂ ತೊಂದರೆಗಳಲ್ಲಿ ಎರರ್ ಕಾಣಿಸಿಕೊಳ್ಳುವ ಜಾಗಕ್ಕೂ ಅದು ಹುಟ್ಟಿದ ಜಾಗಕ್ಕೂ ಬಹಳ ಅಂತರವಿರುತ್ತದೆ. ಏಳನೆಯ ಹಂತದ ಕಪ್ಪು ಪರದೆಗೆ ಮೂರನೆಯ ಹಂತದಲ್ಲಿ ಬಿಟ್ಟುಹೋದ ಒಂದು ಕಮಾಂಡ್ ಕಾರಣವಾಗಿರಬಹುದು. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಹಂತಗಳಲ್ಲಿ ಮುಂದಕ್ಕೆ ಹೋಗುವ ಮುನ್ನ ಮಾಡಬೇಕಾದ ತಪಾಸಣೆಯನ್ನು ಹೇಳಿದ್ದೇನೆ. ತಪಾಸಣೆಯಲ್ಲಿ ತೇರ್ಗಡೆಯಾಗದೆ ಮುಂದಿನ ಹಂತಕ್ಕೆ ಹೋಗಬೇಡಿ ಎಂಬುದೊಂದೇ ನನ್ನ ಒತ್ತಾಯ.

ಕಮಾಂಡುಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ವಿವರಣೆ ಮುಖ್ಯವಾಗಿ ವಿಂಡೋಸ್ ಮತ್ತು ಲಿನಕ್ಸ್ ಬಳಕೆದಾರರಿಗೆ. ಮ್ಯಾಕ್‌ಗೆ ಸಂಬಂಧಿಸಿದ ಒಂದು ಮುಖ್ಯ ವ್ಯತ್ಯಾಸವನ್ನು ಏಳನೆಯ ಹಂತದಲ್ಲಿ ತಿಳಿಸಿದೆ.

## ಹಂತ 1: ಕೋಡ್ ಇಳಿಸಿಕೊಳ್ಳುವ ಮೊದಲು ಗ್ರಾಫಿಕ್ಸ್ ಡ್ರೈವರ್ ಪರೀಕ್ಷೆ

ಬಹುತೇಕರು ಈ ಪರೀಕ್ಷೆಯನ್ನು ಕೊನೆಗೆ, ಎಲ್ಲವೂ ಕೈಕೊಟ್ಟ ಮೇಲೆ ಮಾಡುತ್ತಾರೆ. ಅದನ್ನು ಮೊದಲಿಗೇ ಮಾಡಿದರೆ ಗಂಟೆಗಟ್ಟಲೆ ಸಮಯ ಉಳಿಯುತ್ತದೆ. ಗ್ರಾಫಿಕ್ಸ್ ಕಾರ್ಡ್ ತಯಾರಕರ ಇತ್ತೀಚಿನ ಡ್ರೈವರ್ ಹಾಕಿಕೊಂಡು, ‘ವಲ್ಕನ್‌ಇನ್ಫೋ --ಸಮರಿ’ ಎಂಬ ಕಮಾಂಡ್ ಕೊಡಿ. ವಿಂಡೋಸ್‌ನಲ್ಲಿ ಇದು ವಲ್ಕನ್ ಎಸ್‌ಡಿಕೆ (ಅಭಿವೃದ್ಧಿಗೆ ಬೇಕಾದ ಸಲಕರಣೆಗಳ ಕಟ್ಟು) ಜೊತೆಗೆ ಬರುತ್ತದೆ. ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ‘ವಲ್ಕನ್-ಟೂಲ್ಸ್’ ಪ್ಯಾಕೇಜಿನಲ್ಲಿ ಇದು ಸಿಗುತ್ತದೆ. ಎಎಂಡಿ ಮತ್ತು ಇಂಟೆಲ್ ಕಾರ್ಡುಗಳಿಗೆ ಬೇಕಾದ ಡ್ರೈವರ್ ‘ಮೆಸಾ-ವಲ್ಕನ್-ಡ್ರೈವರ್ಸ್’ ಪ್ಯಾಕೇಜಿನಲ್ಲಿರುತ್ತದೆ.

ಇದರ ಉತ್ತರದಲ್ಲಿ ಎರಡು ಆವೃತ್ತಿ ಸಂಖ್ಯೆಗಳಿರುತ್ತವೆ, ಗೊಂದಲ ಹುಟ್ಟುವುದೂ ಅಲ್ಲೇ. ಮೇಲ್ಭಾಗದ ಇನ್‌ಸ್ಟನ್ಸ್ ಆವೃತ್ತಿಯು ನಿಮ್ಮಲ್ಲಿರುವ ಲೋಡರ್‌ನದು (ಪ್ರೋಗ್ರಾಮನ್ನು ಡ್ರೈವರ್‌ಗೆ ಜೋಡಿಸುವ ಲೈಬ್ರರಿ). ಕೆಳಗೆ ಪ್ರತಿ ಸಾಧನದ ಹೆಸರಿನೊಂದಿಗೆ ಕಾಣುವ ಎಪಿಐ ಆವೃತ್ತಿಯು ಆ ಕಾರ್ಡ್ ಮತ್ತು ಡ್ರೈವರ್ ನಿಜವಾಗಿ ಬೆಂಬಲಿಸುವ ಮಟ್ಟ. ಹೊಸ ಎಸ್‌ಡಿಕೆ ಹಾಕಿಕೊಂಡ ಮಾತ್ರಕ್ಕೆ ಕಾರ್ಡಿನ ಸಾಮರ್ಥ್ಯ ಹೆಚ್ಚುವುದಿಲ್ಲ. ವಲ್ಕನ್ 1.3 ಹೊರಬಂದದ್ದು 2022ರಲ್ಲಿ, 1.4 ಬಂದದ್ದು 2024ರ ಕೊನೆಯಲ್ಲಿ. ಇಂದಿನ ಅನೇಕ ರೆಂಡರರ್‌ಗಳು 1.3ರಲ್ಲಿ ಮೂಲಭಾಗವಾದ ಡೈನಾಮಿಕ್ ರೆಂಡರಿಂಗ್ ಸೌಲಭ್ಯವನ್ನು ನಂಬಿಕೊಂಡಿರುವುದರಿಂದ, ನಿಮ್ಮ ಸಾಧನದ ಸಾಲಿನಲ್ಲಿ 1.1 ಅಥವಾ 1.2 ಎಂದಿದ್ದರೆ ಪ್ರಾಜೆಕ್ಟಿನ ಅಗತ್ಯಗಳ ಪಟ್ಟಿಯನ್ನು ಈಗಲೇ ಓದಿ ನೋಡಿ.

ಸಾಧನದ ಹೆಸರಿನ ಜಾಗದಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದು ಮಾತ್ರ ಇದ್ದರೆ, ವಲ್ಕನ್ ನಿಮ್ಮ ಗ್ರಾಫಿಕ್ಸ್ ಕಾರ್ಡನ್ನು ಕಂಡೇ ಇಲ್ಲ ಎಂದರ್ಥ. ಎಲ್ಲ ಲೆಕ್ಕವೂ ಸಿಪಿಯು ಮೇಲೆ ನಡೆಯುತ್ತಿದೆ. ಆ ಸ್ಥಿತಿಯಲ್ಲಿ ಬಿಲ್ಡ್ ಆಗುತ್ತದೆ, ಪ್ರೋಗ್ರಾಂ ಓಡುತ್ತದೆ, ಸೆಕೆಂಡಿಗೆ ಒಂದೆರಡು ಚಿತ್ರಗಳೂ ಬರಬಹುದು, ಮತ್ತು ನೀವು ತಪ್ಪನ್ನು ಕೋಡಿನಲ್ಲಿ ಹುಡುಕುತ್ತ ಕೂರುತ್ತೀರಿ. ಲ್ಯಾಪ್‌ಟಾಪ್‌ನಲ್ಲಿ ಎರಡು ಜಿಪಿಯುಗಳಿದ್ದರೆ ಎರಡೂ ಪಟ್ಟಿಯಲ್ಲಿ ಕಾಣಬೇಕು. ಅವುಗಳ ಕ್ರಮವನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಕೆಲವು ಪ್ರಾಜೆಕ್ಟುಗಳು ಏನನ್ನೂ ಪರಿಶೀಲಿಸದೆ ಪಟ್ಟಿಯ ಮೊದಲ ಸಾಧನವನ್ನೇ ಆರಿಸಿಕೊಳ್ಳುತ್ತವೆ.

ತಪಾಸಣೆ: ‘ವಿಕೆಕ್ಯೂಬ್’ ಕಮಾಂಡ್ ಕೊಟ್ಟಾಗ ತಿರುಗುವ ಘನವೊಂದು ಪರದೆಯ ಮೇಲೆ ಬರಬೇಕು. ಅದು ಬಾರದಿದ್ದರೆ ಬೇರೆ ಯಾವ ರೆಂಡರರ್ ಕೂಡ ಬರುವುದಿಲ್ಲ.

## ಹಂತ 2: ಬೇಕಾದ ಸಲಕರಣೆಗಳು

ಕಂಪೈಲರ್, ಸಿಮೇಕ್, ನಿಂಜಾ (ಸಿಮೇಕ್ ಸಿದ್ಧಪಡಿಸಿದ ಬಿಲ್ಡನ್ನು ನಡೆಸುವ ಸಲಕರಣೆ), ಗಿಟ್ (ಕೋಡಿನ ಆವೃತ್ತಿಗಳನ್ನು ನಿಭಾಯಿಸುವ ಸಲಕರಣೆ), ಗಿಟ್ ಎಲ್‌ಎಫ್‌ಎಸ್ (ದೊಡ್ಡ ಫೈಲುಗಳಿಗಾಗಿ ಗಿಟ್‌ನ ವಿಸ್ತರಣೆ), ಪೈಥಾನ್ 3 ಮತ್ತು ವಲ್ಕನ್ ಎಸ್‌ಡಿಕೆ: ಬಹುಪಾಲು ಪ್ರಾಜೆಕ್ಟುಗಳಿಗೆ ಇಷ್ಟು ಸಾಕು. ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೊ ಸ್ಥಾಪಕದಲ್ಲಿ ಸಿ++ ಡೆಸ್ಕ್‌ಟಾಪ್ ಅಭಿವೃದ್ಧಿಯ ವರ್ಕ್‌ಲೋಡ್ ಆರಿಸಿದರೆ ಕಂಪೈಲರ್, ವಿಂಡೋಸ್ ಎಸ್‌ಡಿಕೆ, ಸಿಮೇಕ್ ಮತ್ತು ನಿಂಜಾ ಒಟ್ಟಿಗೇ ಬರುತ್ತವೆ. ಲಿನಕ್ಸ್‌ನಲ್ಲಿ ಕಿಟಕಿ ತೆರೆಯಲು ಬೇಕಾದ ಡೆವಲಪ್‌ಮೆಂಟ್ ಪ್ಯಾಕೇಜುಗಳನ್ನು ಮರೆಯಬೇಡಿ; ಉಬುಂಟುವಿನಲ್ಲಿ ಅವು ‘ಎಕ್ಸ್‌ಆರ್ಗ್-ಡೆವ್’, ‘ಲಿಬ್‌ವೇಲ್ಯಾಂಡ್-ಡೆವ್’ ಮತ್ತು ‘ಲಿಬ್‌ಎಕ್ಸ್‌ಕೆಬಿಕಾಮನ್-ಡೆವ್’. ಕಿಟಕಿ ತೆರೆಯುವ ಜಿಎಲ್‌ಎಫ್‌ಡಬ್ಲ್ಯು ಲೈಬ್ರರಿ ಬಳಸುವ ಪ್ರಾಜೆಕ್ಟಿನಲ್ಲಿ ಸಿಮೇಕ್ ‘ರ‍್ಯಾಂಡ್‌ಆರ್ ಹೆಡರ್‌ಗಳು ಸಿಗಲಿಲ್ಲ’ ಎಂದು ದೂರಿದರೆ ಕಾರಣ ಇದೇ.

ವಿಂಡೋಸ್‌ನಲ್ಲಿ ಯಾವ ಟರ್ಮಿನಲ್ ತೆರೆಯುತ್ತೀರಿ ಎಂಬುದು ಮುಖ್ಯ. ವಿಷುಯಲ್ ಸ್ಟುಡಿಯೊದ ಸಾಮಾನ್ಯ ‘ಡೆವಲಪರ್ ಕಮಾಂಡ್ ಪ್ರಾಂಪ್ಟ್’ ತೆರೆದರೆ ನಿಮಗೆ ಸಿಗುವುದು 32 ಬಿಟ್ ಕಂಪೈಲರ್. ನಿಂಜಾ ಬಳಸುವುದಾದರೆ ಸ್ಟಾರ್ಟ್ ಮೆನುವಿನಲ್ಲಿ ‘ಎಕ್ಸ್64 ನೇಟಿವ್ ಟೂಲ್ಸ್ ಕಮಾಂಡ್ ಪ್ರಾಂಪ್ಟ್’ ಎಂಬುದನ್ನೇ ಹುಡುಕಿ ತೆರೆಯಿರಿ. ಇಲ್ಲಿ ತಪ್ಪಿದರೆ ಅದರ ಫಲ ಐದನೆಯ ಹಂತದಲ್ಲಿ ಕಾಣುತ್ತದೆ: ಲಿಂಕರ್ ಎಚ್ಚರಿಕೆ ಎಲ್‌ಎನ್‌ಕೆ4272, ಅಂದರೆ ಲೈಬ್ರರಿ 64 ಬಿಟ್‌ನದು ಮತ್ತು ನೀವು ಕಟ್ಟುತ್ತಿರುವುದು 32 ಬಿಟ್‌ನದು ಎಂಬ ಸೂಚನೆ, ಮತ್ತು ಅದರ ಹಿಂದೆಯೇ ‘ವಿಕೆ’ಯಿಂದ ಆರಂಭವಾಗುವ ಪ್ರತಿಯೊಂದು ಫಂಕ್ಷನ್ನೂ ಸಿಗಲಿಲ್ಲ ಎಂಬ ಉದ್ದನೆಯ ಪಟ್ಟಿ.

ಎಸ್‌ಡಿಕೆ ಸ್ಥಾಪಿಸಿದ ಮೇಲೆ ಮೊದಲೇ ತೆರೆದಿದ್ದ ಟರ್ಮಿನಲ್ ಮತ್ತು ಎಡಿಟರ್‌ಗಳನ್ನೆಲ್ಲ ಮುಚ್ಚಿ ಹೊಸದಾಗಿ ತೆರೆಯಿರಿ. ‘ವಲ್ಕನ್_ಎಸ್‌ಡಿಕೆ’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಹಳೆಯ ಕಿಟಕಿಗಳಿಗೆ ತಿಳಿದಿರುವುದಿಲ್ಲ. ಲಿನಕ್ಸ್‌ನಲ್ಲಿ ಎಸ್‌ಡಿಕೆಯ ಸಂಕುಚಿತ ಫೈಲನ್ನು ಬಿಚ್ಚಿ ಬಳಸುವವರು ಅದರೊಳಗಿನ ‘ಸೆಟಪ್-ಎನ್ವ್’ ಸ್ಕ್ರಿಪ್ಟನ್ನು ಪ್ರತಿ ಹೊಸ ಟರ್ಮಿನಲ್‌ನಲ್ಲೂ ‘ಸೋರ್ಸ್’ ಮಾಡಬೇಕು. ಅದನ್ನು ಬರಿದೇ ಓಡಿಸಿದರೆ ಪ್ರಯೋಜನವಿಲ್ಲ.

ತಪಾಸಣೆ: ಹೊಸ ಟರ್ಮಿನಲ್‌ನಲ್ಲಿ ಸಿಮೇಕ್, ನಿಂಜಾ, ಗಿಟ್ ಎಲ್‌ಎಫ್‌ಎಸ್ ಮತ್ತು ‘ಜಿಎಲ್‌ಎಸ್‌ಎಲ್‌ಸಿ’ (ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡುವ ಶೇಡರ್ ಎಂಬ ಪ್ರೋಗ್ರಾಂಗಳ ಕಂಪೈಲರ್) ನಾಲ್ಕಕ್ಕೂ ‘--ವರ್ಷನ್’ ಕೊಟ್ಟು ನೋಡಿ; ಗಿಟ್ ಎಲ್‌ಎಫ್‌ಎಸ್‌ಗೆ ಮಾತ್ರ ‘ಗಿಟ್ ಎಲ್‌ಎಫ್‌ಎಸ್ ವರ್ಷನ್’ ಎಂದರೂ ಸಾಕು. ಒಂದೇ ಸಲಕರಣೆ ಎರಡು ಕಡೆ ಸ್ಥಾಪನೆಯಾಗಿದೆಯೇ ಎಂಬುದನ್ನು ವಿಂಡೋಸ್‌ನಲ್ಲಿ ‘ವೇರ್’, ಲಿನಕ್ಸ್‌ನಲ್ಲಿ ‘ವಿಚ್ -ಎ’ ಮೂಲಕ ತಿಳಿಯಬಹುದು.

## ಹಂತ 3: ಸೋರ್ಸ್ ಕೋಡ್ ತರುವುದು

ಅತಿ ಹೆಚ್ಚು ಜನ ಎಡವುವ ಹಂತ ಇದೇ, ಆದ್ದರಿಂದ ಇದನ್ನು ನಿಧಾನವಾಗಿ ಓದಿ.

ಮೊದಲನೆಯದಾಗಿ, ಫೋಲ್ಡರ್ ಎಲ್ಲಿರಬೇಕೆಂದು ತೀರ್ಮಾನಿಸಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಅಥವಾ ಕ್ಲೌಡ್‌ಗೆ ತಾನಾಗಿಯೇ ನಕಲಾಗುವ ಯಾವುದೇ ಫೋಲ್ಡರ್ ಬೇಡ. ಬಿಲ್ಡ್ ನಡೆಯುವಾಗ ಹುಟ್ಟುವ ಸಾವಿರಾರು ಚಿಕ್ಕ ಫೈಲುಗಳನ್ನು ನಕಲು ಮಾಡುವ ಪ್ರೋಗ್ರಾಂ ಅವುಗಳನ್ನು ಮಧ್ಯದಲ್ಲೇ ಹಿಡಿದಿಟ್ಟುಕೊಳ್ಳಬಹುದು. ಪಾತ್‌ನಲ್ಲಿ (ಫೋಲ್ಡರ್‌ನ ಪೂರ್ಣ ವಿಳಾಸದಲ್ಲಿ) ಖಾಲಿ ಜಾಗಗಳಾಗಲಿ, ಕನ್ನಡ ಅಕ್ಷರಗಳಾಗಲಿ ಇರದಂತೆ ನೋಡಿಕೊಳ್ಳಿ. ಇದನ್ನು ಬರೆಯಲು ನನಗೆ ಬೇಸರವಿದೆ, ಆದರೆ ಹಳೆಯ ಬಿಲ್ಡ್ ಸ್ಕ್ರಿಪ್ಟುಗಳಲ್ಲಿ ಎಷ್ಟೋ ಇಂದಿಗೂ ಇಂಗ್ಲಿಷ್ ಅಕ್ಷರಗಳ ಹೊರಗಿನ ಪಾತ್‌ಗಳನ್ನು ಸರಿಯಾಗಿ ನಿಭಾಯಿಸುವುದಿಲ್ಲ. ವಿಂಡೋಸ್‌ನಲ್ಲಿ ಪಾತ್‌ನ ಸಾಂಪ್ರದಾಯಿಕ ಮಿತಿ 260 ಅಕ್ಷರಗಳು. ಸಬ್‌ಮಾಡ್ಯೂಲಿನೊಳಗೆ (ಪ್ರಾಜೆಕ್ಟಿನೊಳಗೆ ಸೇರಿಸಿದ ಬೇರೊಂದು ಗಿಟ್ ಪ್ರಾಜೆಕ್ಟ್) ಸಬ್‌ಮಾಡ್ಯೂಲ್ ಇರುವ ಪ್ರಾಜೆಕ್ಟುಗಳು ಈ ಮಿತಿಯನ್ನು ಸುಲಭವಾಗಿ ದಾಟುತ್ತವೆ. ಸಿ ಡ್ರೈವಿನ ಬುಡದಲ್ಲೇ ಮೂರ್ನಾಲ್ಕು ಅಕ್ಷರಗಳ ಫೋಲ್ಡರ್ ಮಾಡಿ ಅಲ್ಲಿ ಕೆಲಸ ಮಾಡುವುದು ಎಲ್ಲಕ್ಕಿಂತ ಸರಳ ಪರಿಹಾರ, ಗಿಟ್‌ನ ‘ಕೋರ್.ಲಾಂಗ್‌ಪಾತ್ಸ್’ ಆಯ್ಕೆಯನ್ನು ‘ಟ್ರೂ’ ಮಾಡಿದರೆ ಗಿಟ್‌ನ ಪಾಲಿನ ತೊಂದರೆ ತಪ್ಪುತ್ತದೆ, ಕಂಪೈಲರ್‌ನ ಪಾಲಿನದು ಉಳಿದೇ ಇರುತ್ತದೆ.

ಎರಡನೆಯದಾಗಿ, ಜಿಪ್ ಫೈಲನ್ನು ಇಳಿಸಿಕೊಳ್ಳಬೇಡಿ. ಗಿಟ್‌ಹಬ್‌ನಲ್ಲಿ ಸಿಗುವ ಜಿಪ್ ಫೈಲಿನಲ್ಲಿ ಸಬ್‌ಮಾಡ್ಯೂಲುಗಳ ಫೋಲ್ಡರ್‌ಗಳು ಖಾಲಿಯಾಗಿರುತ್ತವೆ, ಗಿಟ್‌ನ ಮಾಹಿತಿಯೂ ಇರುವುದಿಲ್ಲವಾದ್ದರಿಂದ ಅವನ್ನು ಆಮೇಲೆ ತುಂಬಿಸುವ ದಾರಿಯೂ ಇರುವುದಿಲ್ಲ. ‘ಗಿಟ್ ಕ್ಲೋನ್’ ಕಮಾಂಡಿಗೆ ‘--ರಿಕರ್ಸ್-ಸಬ್‌ಮಾಡ್ಯೂಲ್ಸ್’ ಸೇರಿಸಿ ಕ್ಲೋನ್ ಮಾಡಿ. ಅದನ್ನು ಮರೆತು ಈಗಾಗಲೇ ಕ್ಲೋನ್ ಮಾಡಿದ್ದರೆ ಪ್ರಾಜೆಕ್ಟಿನ ಫೋಲ್ಡರ್‌ನೊಳಗೆ ‘ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್ --ರಿಕರ್ಸಿವ್’ ಕೊಡಿ. ‘ರಿಕರ್ಸಿವ್’ ಪದವನ್ನು ಬಿಟ್ಟರೆ ಮೊದಲ ಮಟ್ಟದ ಸಬ್‌ಮಾಡ್ಯೂಲುಗಳು ಮಾತ್ರ ಬರುತ್ತವೆ, ಅವುಗಳೊಳಗಿನವು ಖಾಲಿ ಉಳಿಯುತ್ತವೆ.

ಮೂರನೆಯದಾಗಿ, ಯಾವ ಆವೃತ್ತಿಯನ್ನು ಬಿಲ್ಡ್ ಮಾಡುತ್ತೀರಿ ಎಂದು ನಿರ್ಧರಿಸಿ. ಮುಖ್ಯ ಬ್ರ್ಯಾಂಚ್ ದಿನವೂ ಬದಲಾಗುತ್ತಿರುತ್ತದೆ. ಮೊದಲ ಬಾರಿಗೆ ಬಿಲ್ಡ್ ಮಾಡುವವರು ಬಿಡುಗಡೆಯ ಟ್ಯಾಗ್ ಒಂದನ್ನು ‘ಚೆಕ್‌ಔಟ್’ ಮಾಡುವುದು ಕ್ಷೇಮ. ಟ್ಯಾಗ್ ಬದಲಿಸಿದ ಮೇಲೆ ಸಬ್‌ಮಾಡ್ಯೂಲ್ ಅಪ್‌ಡೇಟ್ ಕಮಾಂಡನ್ನು ಮತ್ತೊಮ್ಮೆ ಕೊಡಲೇಬೇಕು. ಹಾಗೆ ಮಾಡದಿದ್ದರೆ ಮುಖ್ಯ ಕೋಡ್ ಹಳೆಯದು, ಅದರ ಅವಲಂಬನೆಗಳು ಹೊಸವು ಎಂಬ ಸ್ಥಿತಿ ಉಂಟಾಗಿ, ‘ಇಂಥ ಮೆಂಬರ್ ಇಲ್ಲ’, ‘ಆರ್ಗ್ಯುಮೆಂಟುಗಳ ಸಂಖ್ಯೆ ಹೊಂದುತ್ತಿಲ್ಲ’ ಎಂಬಂಥ, ಕೋಡೇ ತಪ್ಪೆಂದು ತೋರುವ ಎರರ್‌ಗಳು ಬರುತ್ತವೆ.

ಇನ್ನು ಮೂರು ಆಯಾಮದ ಮಾದರಿಗಳು ಮತ್ತು ಟೆಕ್ಸ್‌ಚರ್‌ಗಳ (ಮಾದರಿಗಳ ಮೇಲ್ಮೈಗೆ ಹೊದಿಸುವ ಚಿತ್ರಗಳ) ವಿಷಯ. ದೊಡ್ಡ ಫೈಲುಗಳನ್ನು ಅನೇಕ ಪ್ರಾಜೆಕ್ಟುಗಳು ಗಿಟ್ ಎಲ್‌ಎಫ್‌ಎಸ್ ಮೂಲಕ ಇಡುತ್ತವೆ. ಎಲ್‌ಎಫ್‌ಎಸ್ ಇಲ್ಲದ ಕಂಪ್ಯೂಟರಿನಲ್ಲಿ ಕ್ಲೋನ್ ಮಾಡಿದರೆ ಯಾವ ಎರರ್ ಕೂಡ ಬರುವುದಿಲ್ಲ. ಚಿತ್ರದ ಹೆಸರಿನ ಫೈಲ್ ಸರಿಯಾದ ಜಾಗದಲ್ಲೇ ಇರುತ್ತದೆ, ಆದರೆ ಅದರೊಳಗೆ ಚಿತ್ರದ ಬದಲು ಆವೃತ್ತಿ, ಗುರುತಿನ ಸಂಖ್ಯೆ ಮತ್ತು ಗಾತ್ರ ಎಂಬ ಮೂರು ಸಾಲುಗಳ ಪಠ್ಯ ಮಾತ್ರ ಇರುತ್ತದೆ. ನಾನೇ ಒಮ್ಮೆ ಕಪ್ಪು ಪರದೆಯ ಕಾರಣ ಹುಡುಕುತ್ತ ಬೆಳಕಿನ ಲೆಕ್ಕಾಚಾರದ ಶೇಡರ್‌ಗಳನ್ನೆಲ್ಲ ಎರಡು ದಿನ ತಿರುವಿಹಾಕಿ, ಕೊನೆಗೆ ಟೆಕ್ಸ್‌ಚರ್ ಫೋಲ್ಡರ್‌ನ ಪ್ರತಿ ಫೈಲೂ ಸುಮಾರು 130 ಬೈಟ್ ಇರುವುದನ್ನು ಕಂಡಿದ್ದೇನೆ. ಪರಿಹಾರ ಎರಡೇ ಕಮಾಂಡುಗಳು: ‘ಗಿಟ್ ಎಲ್‌ಎಫ್‌ಎಸ್ ಇನ್‌ಸ್ಟಾಲ್’, ಬಳಿಕ ‘ಗಿಟ್ ಎಲ್‌ಎಫ್‌ಎಸ್ ಪುಲ್’.

ತಪಾಸಣೆ: ‘ಗಿಟ್ ಸಬ್‌ಮಾಡ್ಯೂಲ್ ಸ್ಟೇಟಸ್ --ರಿಕರ್ಸಿವ್’ ಕೊಟ್ಟಾಗ ಯಾವ ಸಾಲಿನ ಆರಂಭದಲ್ಲೂ ಕಳೆಯುವ ಚಿಹ್ನೆಯಾಗಲಿ ಕೂಡುವ ಚಿಹ್ನೆಯಾಗಲಿ ಇರಬಾರದು. ಕಳೆಯುವ ಚಿಹ್ನೆ ಇದ್ದರೆ ಆ ಸಬ್‌ಮಾಡ್ಯೂಲ್ ಬಂದಿಲ್ಲ. ಕೂಡುವ ಚಿಹ್ನೆ ಇದ್ದರೆ ಬೇರೆ ಆವೃತ್ತಿ ಬಂದಿದೆ. ಹಾಗೆಯೇ ಟೆಕ್ಸ್‌ಚರ್ ಫೈಲೊಂದನ್ನು ಚಿತ್ರ ವೀಕ್ಷಕದಲ್ಲಿ ತೆರೆದು ನೋಡಿ.

## ಹಂತ 4: ಕಾನ್ಫಿಗರ್ ಮಾಡುವುದು

ಪ್ರಾಜೆಕ್ಟಿನಲ್ಲಿ ‘ಸಿಮೇಕ್‌ಪ್ರಿಸೆಟ್ಸ್’ ಎಂಬ ಜೇಸನ್ ಫೈಲ್ ಇದ್ದರೆ ಅದನ್ನೇ ಬಳಸಿ. ‘ಸಿಮೇಕ್ --ಲಿಸ್ಟ್-ಪ್ರಿಸೆಟ್ಸ್’ ಎಂದರೆ ಲಭ್ಯವಿರುವ ಹೆಸರುಗಳು ಸಿಗುತ್ತವೆ. ಪ್ರಾಜೆಕ್ಟನ್ನು ಬರೆದವರು ತಾವು ಪರೀಕ್ಷಿಸಿದ ಆಯ್ಕೆಗಳನ್ನು ಅಲ್ಲಿ ಇಟ್ಟಿರುತ್ತಾರೆ, ಅದನ್ನು ಬಿಟ್ಟು ನಮ್ಮದೇ ಆಯ್ಕೆಗಳಿಂದ ಆರಂಭಿಸಲು ಕಾರಣವಿಲ್ಲ. ಪ್ರಿಸೆಟ್ ಇಲ್ಲದಿದ್ದರೆ ‘ಸಿಮೇಕ್ -ಎಸ್ . -ಬಿ ಬಿಲ್ಡ್ -ಜಿ ನಿಂಜಾ’ ಎಂದು ಪ್ರತ್ಯೇಕ ಬಿಲ್ಡ್ ಫೋಲ್ಡರ್‌ನಲ್ಲಿ ಕಾನ್ಫಿಗರ್ ಮಾಡಿ. ಸೋರ್ಸ್ ಫೋಲ್ಡರ್‌ನೊಳಗೇ ಕಾನ್ಫಿಗರ್ ಮಾಡುವ ತಪ್ಪು ಬೇಡ. ಅದು ಬಿಟ್ಟುಹೋಗುವ ಕ್ಯಾಶ್ ಫೈಲ್ ಮುಂದಿನ ಎಲ್ಲ ಪ್ರಯತ್ನಗಳನ್ನೂ ಹಾಳುಮಾಡುತ್ತದೆ.

ಜನರೇಟರ್‌ಗಳಲ್ಲಿ (ಸಿಮೇಕ್ ಯಾವ ಸಲಕರಣೆಗಾಗಿ ಬಿಲ್ಡ್ ಫೈಲುಗಳನ್ನು ತಯಾರಿಸಬೇಕೆಂಬ ಆಯ್ಕೆ) ಎರಡು ಬಗೆ ಇರುವುದನ್ನು ತಿಳಿದಿರಬೇಕು. ನಿಂಜಾ ಮತ್ತು ಮೇಕ್‌ಫೈಲ್ ಒಂದು ಬಿಲ್ಡ್ ಫೋಲ್ಡರ್‌ಗೆ ಒಂದೇ ಬಗೆಯ ಬಿಲ್ಡ್ ಕೊಡುತ್ತವೆ, ಹಾಗಾಗಿ ಕಾನ್ಫಿಗರ್ ಮಾಡುವಾಗಲೇ ‘ಸಿಮೇಕ್_ಬಿಲ್ಡ್_ಟೈಪ್’ ಅನ್ನು ‘ಡಿಬಗ್’, ‘ರಿಲೀಸ್’ ಅಥವಾ ‘ರೆಲ್‌ವಿತ್‌ಡೆಬ್‌ಇನ್ಫೋ’ ಎಂದು ಹೇಳಬೇಕು. ಹೇಳದೆ ಬಿಟ್ಟರೆ, ಪ್ರಾಜೆಕ್ಟ್ ತಾನೇ ಒಂದನ್ನು ಆರಿಸದ ಹೊರತು, ಆಪ್ಟಿಮೈಸೇಶನ್ ಆಯ್ಕೆಗಳೇ ಇಲ್ಲದ ಬಿಲ್ಡ್ ಆಗುತ್ತದೆ. ವಿಷುಯಲ್ ಸ್ಟುಡಿಯೊ ಮತ್ತು ಎಕ್ಸ್‌ಕೋಡ್ ಜನರೇಟರ್‌ಗಳಲ್ಲಿ ಇದೇ ಮಾತನ್ನು ಬಿಲ್ಡ್ ಮಾಡುವಾಗ ‘--ಕಾನ್ಫಿಗ್ ರಿಲೀಸ್’ ಎಂದು ಹೇಳಬೇಕು. ಅಲ್ಲಿ ಬಿಲ್ಡ್ ಟೈಪ್ ವೇರಿಯಬಲ್‌ಗೆ ಬೆಲೆ ಇಲ್ಲ. ಮೊದಲ ಬಾರಿಗೆ ‘ರೆಲ್‌ವಿತ್‌ಡೆಬ್‌ಇನ್ಫೋ’ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ: ವೇಗವೂ ಇರುತ್ತದೆ, ಕ್ರ್ಯಾಶ್ ಆದರೆ ಯಾವ ಸಾಲಿನಲ್ಲಿ ಎಂಬುದೂ ತಿಳಿಯುತ್ತದೆ.

2025ರಲ್ಲಿ ಬಂದ ಸಿಮೇಕ್ 4.0ರಿಂದ ಹೊಸದೊಂದು ತೊಡಕು ಸೇರಿಕೊಂಡಿದೆ. ಈ ಆವೃತ್ತಿಯು 3.5ಕ್ಕಿಂತ ಹಳೆಯ ಸಿಮೇಕ್‌ನೊಂದಿಗಿನ ಹೊಂದಾಣಿಕೆಯನ್ನು ತೆಗೆದುಹಾಕಿತು. ರೆಂಡರರ್‌ನ ಸ್ವಂತ ಕೋಡ್ ಹೊಸದಾಗಿದ್ದರೂ, ಅದು ತನ್ನೊಡನೆ ತರುವ ಹಳೆಯ ಗಣಿತ ಲೈಬ್ರರಿಯೋ ಮಾದರಿ ಓದುವ ಲೈಬ್ರರಿಯೋ ಹಳೆಯ ಕನಿಷ್ಠ ಆವೃತ್ತಿಯನ್ನು ಕೇಳುತ್ತಿದ್ದರೆ ಕಾನ್ಫಿಗರ್ ಅಲ್ಲೇ ನಿಲ್ಲುತ್ತದೆ. ದೋಷ ಸಂದೇಶದಲ್ಲಿ ಫೈಲಿನ ಹೆಸರು ‘ಥರ್ಡ್‌ಪಾರ್ಟಿ’ ಅಥವಾ ‘ಎಕ್ಸ್‌ಟರ್ನಲ್’ ಫೋಲ್ಡರ್‌ನದಾಗಿದೆಯೇ ನೋಡಿ; ಆಗಿದ್ದರೆ ‘-ಡಿ ಸಿಮೇಕ್_ಪಾಲಿಸಿ_ವರ್ಷನ್_ಮಿನಿಮಮ್=3.5’ ಎಂದು ಕೊಟ್ಟರೆ ಸಾಮಾನ್ಯವಾಗಿ ದಾಟುತ್ತದೆ. ಸಬ್‌ಮಾಡ್ಯೂಲಿನ ಫೈಲನ್ನು ಕೈಯಾರೆ ತಿದ್ದುವುದು ಸರಿಯಲ್ಲ, ಮುಂದಿನ ಅಪ್‌ಡೇಟ್‌ನಲ್ಲಿ ಅದು ಅಡ್ಡಿಯಾಗುತ್ತದೆ.

ಸಿಮೇಕ್ ತಾನು ಕಂಡುಕೊಂಡ ಕಂಪೈಲರ್, ಎಸ್‌ಡಿಕೆ ಮತ್ತು ಜನರೇಟರ್‌ಗಳನ್ನು ಬಿಲ್ಡ್ ಫೋಲ್ಡರ್‌ನ ಕ್ಯಾಶ್‌ನಲ್ಲಿ ನೆನಪಿಟ್ಟುಕೊಳ್ಳುತ್ತದೆ. ನೀವು ಆಮೇಲೆ ಹೊಸ ಎಸ್‌ಡಿಕೆ ಹಾಕಿದರೂ, ಸರಿಯಾದ ಟರ್ಮಿನಲ್ ತೆರೆದರೂ ಅದು ಹಳೆಯ ನೆನಪಿನಲ್ಲೇ ನಡೆಯುತ್ತದೆ. ‘ಹೇಳಿದ್ದನ್ನೆಲ್ಲ ಮಾಡಿದೆ, ಅದೇ ಎರರ್ ಬರುತ್ತಿದೆ’ ಎನ್ನುವವರಲ್ಲಿ ಬಹಳಷ್ಟು ಜನ ಬಿಲ್ಡ್ ಫೋಲ್ಡರನ್ನು ಅಳಿಸಿರುವುದಿಲ್ಲ. ಸಲಕರಣೆಗಳಲ್ಲಿ ಏನೇ ಬದಲಾದರೂ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಮತ್ತೆ ಕಾನ್ಫಿಗರ್ ಮಾಡಿ, ಸಿಮೇಕ್ 3.24ರಿಂದ ಈಚೆಗೆ ‘--ಫ್ರೆಶ್’ ಆಯ್ಕೆಯೂ ಕ್ಯಾಶ್ ಅಳಿಸಿ ಹೊಸದಾಗಿ ಆರಂಭಿಸುತ್ತದೆ.

ತಪಾಸಣೆ: ಕಾನ್ಫಿಗರ್ ಮುಗಿದ ಮೇಲೆ ಹೊರಬಂದ ಸಾಲುಗಳನ್ನು ಮೇಲಿನಿಂದ ಓದಿ. ವಿಂಡೋಸ್‌ನಲ್ಲಿ ಕಂಪೈಲರ್‌ನ ಪಾತ್‌ನಲ್ಲಿ 64 ಬಿಟ್‌ನ ಹೆಸರಿರಬೇಕು. ವಲ್ಕನ್ ಸಿಕ್ಕಿತೆಂದು ಹೇಳುವ ಸಾಲಿನಲ್ಲಿರುವ ಪಾತ್ ನೀವು ಸ್ಥಾಪಿಸಿದ ಎಸ್‌ಡಿಕೆಯದೇ ಆಗಿರಬೇಕು. ‘ಸಿಗಲಿಲ್ಲ, ಈ ಸೌಲಭ್ಯವನ್ನು ಬಿಡಲಾಗಿದೆ’ ಎಂಬರ್ಥದ ಸಾಲುಗಳು ಎರರ್ ಅಲ್ಲದಿದ್ದರೂ ಅವನ್ನು ಗುರುತು ಹಾಕಿಕೊಳ್ಳಿ.

## ಹಂತ 5: ಬಿಲ್ಡ್ ಮಾಡುವುದು

‘ಸಿಮೇಕ್ --ಬಿಲ್ಡ್ ಬಿಲ್ಡ್ --ಪ್ಯಾರಲೆಲ್ 4’ ಎಂಬುದು ಕಮಾಂಡ್. ವಿಷುಯಲ್ ಸ್ಟುಡಿಯೊ ಜನರೇಟರ್ ಆಗಿದ್ದರೆ ಕಾನ್ಫಿಗ್ ಹೆಸರನ್ನೂ ಸೇರಿಸಿ. ಸಿಪಿಯುವಿನ ಎಲ್ಲ ಕೋರ್‌ಗಳನ್ನೂ ಮೊದಲ ಸಲವೇ ಬಳಸಬೇಡಿ. ಸಿ++ ಟೆಂಪ್ಲೇಟುಗಳು ತುಂಬಿರುವ ಫೈಲುಗಳು ಪ್ರತಿಯೊಂದೂ ಸಾಕಷ್ಟು ಮೆಮೊರಿ ಕೇಳುತ್ತವೆ. ಲಿನಕ್ಸ್‌ನಲ್ಲಿ ಕಂಪೈಲರ್ ‘ಕಿಲ್ಡ್’ ಎಂದು ನಿಂತರೆ, ವಿಂಡೋಸ್‌ನಲ್ಲಿ ಸಿ1060 ಎಂಬ ಎರರ್ ಬಂದರೆ, ಅದು ಕೋಡಿನ ತಪ್ಪಲ್ಲ, ಮೆಮೊರಿ ಸಾಲದೆಹೋಗಿದೆ. ಸಂಖ್ಯೆಯನ್ನು ಇಳಿಸಿ ಮತ್ತೆ ಅದೇ ಕಮಾಂಡ್ ಕೊಡಿ, ಬಿಲ್ಡ್ ನಿಂತ ಕಡೆಯಿಂದ ಮುಂದುವರಿಯುತ್ತದೆ.

ಎರರ್ ಬಂದಾಗ ಕೊನೆಯ ಸಾಲನ್ನು ಹಿಡಿದು ಹುಡುಕಾಡುವುದು ಎಲ್ಲರೂ ಮಾಡುವ ತಪ್ಪು. ಕೊನೆಯ ಸಾಲು ‘ಬಿಲ್ಡ್ ನಿಂತಿದೆ’ ಎನ್ನುತ್ತದೆ, ಅಷ್ಟೆ. ನಿಮಗೆ ಬೇಕಾದದ್ದು ಮೊದಲ ಎರರ್. ಉಳಿದವುಗಳಲ್ಲಿ ಹೆಚ್ಚಿನವು ಅದರ ಪರಿಣಾಮಗಳು. ಅನೇಕ ಫೈಲುಗಳ ಸಂದೇಶಗಳು ಕಲಸಿಹೋಗಿದ್ದರೆ ‘--ಪ್ಯಾರಲೆಲ್ 1’ ಎಂದು ಮತ್ತೊಮ್ಮೆ ಓಡಿಸಿ, ಆಗ ಕ್ರಮ ಸ್ಪಷ್ಟವಾಗುತ್ತದೆ.

ಲಿಂಕಿಂಗ್‌ನಲ್ಲಿ ಎಲ್‌ಎನ್‌ಕೆ2038 ಬಂದು ‘ರನ್‌ಟೈಮ್ ಲೈಬ್ರರಿ’ ಅಥವಾ ‘ಇಟರೇಟರ್ ಡಿಬಗ್ ಲೆವೆಲ್’ ಹೊಂದುತ್ತಿಲ್ಲ ಎಂದರೆ, ಡಿಬಗ್ ಬಿಲ್ಡ್ ಒಂದಕ್ಕೆ ರಿಲೀಸ್ ಲೈಬ್ರರಿ ಜೋಡಿಸಲು ಹೊರಟಿದ್ದೀರಿ ಅಥವಾ ಅದರ ತಿರುವುಮುರುವು. ಸಿದ್ಧ ಲೈಬ್ರರಿಗಳನ್ನು ಬೇರೆಡೆಯಿಂದ ತಂದು ಸೇರಿಸಿದಾಗ ಇದು ಹೆಚ್ಚು. ಎರಡನ್ನೂ ಒಂದೇ ಬಗೆಯಲ್ಲಿ ಬಿಲ್ಡ್ ಮಾಡುವುದೊಂದೇ ಪರಿಹಾರ. ಈ ಎರರನ್ನು ಹೇಗೋ ಅಡಗಿಸಿದರೆ ಪ್ರೋಗ್ರಾಂ ಓಡುವಾಗ ಮೆಮೊರಿ ಕೆಡುತ್ತದೆ, ಆಗ ಕಾರಣ ಹುಡುಕುವುದು ಬಹಳ ಕಷ್ಟ.

## ಹಂತ 6: ಶೇಡರ್‌ಗಳು

ಶೇಡರ್‌ಗಳಿಗೆ ಪ್ರತ್ಯೇಕ ಕಂಪೈಲರ್ ಇದೆ ಎಂಬುದನ್ನು ಸಿ++ ಹಿನ್ನೆಲೆಯಿಂದ ಬಂದವರು ಮರೆಯುತ್ತಾರೆ. ವಲ್ಕನ್ ಡ್ರೈವರ್ ಓದುವುದು ಜಿಎಲ್‌ಎಸ್‌ಎಲ್ ಅಥವಾ ಎಚ್‌ಎಲ್‌ಎಸ್‌ಎಲ್ ಎಂಬ ಶೇಡರ್ ಭಾಷೆಗಳ ಪಠ್ಯವನ್ನಲ್ಲ, ಅದರಿಂದ ತಯಾರಾದ ಸ್ಪಿರ್-ವಿ ಎಂಬ ಬೈನರಿ ರೂಪವನ್ನು. ನಿಮ್ಮ ಪ್ರಾಜೆಕ್ಟ್ ಈ ಪರಿವರ್ತನೆಯನ್ನು ಬಿಲ್ಡ್ ವೇಳೆಯಲ್ಲಿ ಮಾಡುತ್ತದೆಯೋ, ಪ್ರೋಗ್ರಾಂ ಆರಂಭವಾದಾಗ ಮಾಡುತ್ತದೆಯೋ, ಅಥವಾ ಪ್ರತ್ಯೇಕ ಸ್ಕ್ರಿಪ್ಟ್ ಓಡಿಸಬೇಕೋ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಮೂರನೆಯ ಬಗೆಯಾಗಿದ್ದರೆ, ಶೇಡರ್ ತಿದ್ದಿ ಬಿಲ್ಡ್ ಮಾಡಿದರೂ ಪರದೆಯ ಮೇಲೆ ಏನೂ ಬದಲಾಗುವುದಿಲ್ಲ.

ಎರಡು ತಪ್ಪುಗಳು ಇಲ್ಲಿ ಪದೇ ಪದೇ ಆಗುತ್ತವೆ. ‘ಜಿಎಲ್‌ಎಸ್‌ಎಲ್‌ಸಿ’ಗೆ ಗುರಿ ಹೇಳದಿದ್ದರೆ ಅದು ವಲ್ಕನ್ 1.0ಕ್ಕೆ ತಕ್ಕ ಸ್ಪಿರ್-ವಿ ತಯಾರಿಸುತ್ತದೆ. ರೇ ಟ್ರೇಸಿಂಗ್ ಶೇಡರ್‌ಗಳಿಗೆ ಕನಿಷ್ಠ ಸ್ಪಿರ್-ವಿ 1.4 ಬೇಕಾದ್ದರಿಂದ ‘--ಟಾರ್ಗೆಟ್-ಎನ್ವ್=ವಲ್ಕನ್1.2’ ಅಥವಾ ಅದಕ್ಕಿಂತ ಮೇಲಿನದನ್ನು ಕೊಡಬೇಕು. ಇನ್ನೊಂದು ಎಚ್‌ಎಲ್‌ಎಸ್‌ಎಲ್ ಬಳಸುವವರಿಗೆ: ಡಿಎಕ್ಸ್‌ಸಿ ಕಂಪೈಲರ್ ವಿಂಡೋಸ್ ಎಸ್‌ಡಿಕೆಯಲ್ಲೂ ಇದೆ, ವಲ್ಕನ್ ಎಸ್‌ಡಿಕೆಯಲ್ಲೂ ಇದೆ, ಆದರೆ ಮೊದಲನೆಯದಕ್ಕೆ ಸ್ಪಿರ್-ವಿ ತಯಾರಿಸುವ ಶಕ್ತಿ ಇಲ್ಲ. ‘ಸ್ಪಿರ್-ವಿ ಕೋಡ್‌ಜೆನ್ ಲಭ್ಯವಿಲ್ಲ’ ಎಂಬ ಸಂದೇಶ ಬಂದರೆ ‘ಪಾತ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ತಪ್ಪು ಡಿಎಕ್ಸ್‌ಸಿ ಮುಂದಿದೆ ಎಂದೇ ತಿಳಿಯಿರಿ.

ತಪಾಸಣೆ: ತಯಾರಾದ ಫೈಲನ್ನು ‘ಸ್ಪಿರ್‌ವಿ-ವ್ಯಾಲ್’ ಮೂಲಕ ಪರೀಕ್ಷಿಸಿ. ಅದು ಮೌನವಾಗಿ ಮುಗಿದರೆ ಶೇಡರ್ ಸರಿಯಾಗಿದೆ.

## ಹಂತ 7: ಓಡಿಸುವುದು

ವಿಷುಯಲ್ ಸ್ಟುಡಿಯೊದಲ್ಲಿ ಎಫ್5 ಒತ್ತಿದಾಗ ‘ಆಲ್_ಬಿಲ್ಡ್’ ಅನ್ನು ಆರಂಭಿಸಲಾಗುತ್ತಿಲ್ಲ, ಪ್ರವೇಶ ನಿರಾಕರಿಸಲಾಗಿದೆ ಎಂಬ ಸಂದೇಶ ಬಂದರೆ ಗಾಬರಿಯಾಗಬೇಡಿ. ಅದು ಪ್ರೋಗ್ರಾಂ ಅಲ್ಲ, ಬರಿಯ ಗುರಿಯ ಹೆಸರು. ರೆಂಡರರ್‌ನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಅದನ್ನು ಸ್ಟಾರ್ಟಪ್ ಪ್ರಾಜೆಕ್ಟ್ ಆಗಿ ಆರಿಸಿ.

ಇದಕ್ಕಿಂತ ಗಂಭೀರವಾದದ್ದು ವರ್ಕಿಂಗ್ ಡೈರೆಕ್ಟರಿ. ರೆಂಡರರ್ ತನ್ನ ಶೇಡರ್‌ಗಳನ್ನೂ ಮಾದರಿಗಳನ್ನೂ ‘ಅಸೆಟ್ಸ್’ ಎಂಬಂಥ ಸಾಪೇಕ್ಷ ಪಾತ್‌ನಲ್ಲಿ ಹುಡುಕುತ್ತಿದ್ದರೆ, ಆ ಹುಡುಕಾಟ ಆರಂಭವಾಗುವುದು ಪ್ರೋಗ್ರಾಂ ಫೈಲ್ ಇರುವ ಜಾಗದಿಂದಲ್ಲ, ಅದನ್ನು ಎಲ್ಲಿಂದ ಓಡಿಸಿದಿರೋ ಅಲ್ಲಿಂದ. ವಿಷುಯಲ್ ಸ್ಟುಡಿಯೊ ಸಾಮಾನ್ಯವಾಗಿ ಬಿಲ್ಡ್ ಫೋಲ್ಡರ್‌ನಿಂದ ಓಡಿಸುತ್ತದೆ. ಟರ್ಮಿನಲ್‌ನಲ್ಲಿ ಪ್ರಾಜೆಕ್ಟಿನ ಮೂಲ ಫೋಲ್ಡರ್‌ಗೆ ಹೋಗಿ, ಅಲ್ಲಿಂದ ಪೂರ್ಣ ಪಾತ್ ಕೊಟ್ಟು ಓಡಿಸಿ ನೋಡಿ. ಹಾಗೆ ಓಡಿದರೆ ಡಿಬಗರ್‌ನ ವರ್ಕಿಂಗ್ ಡೈರೆಕ್ಟರಿಯನ್ನು ಅದೇ ಫೋಲ್ಡರ್‌ಗೆ ಬದಲಿಸಿ.

ಕಿಟಕಿ ತೆರೆಯುವ ಮೊದಲೇ ಪ್ರೋಗ್ರಾಂ ಮುಗಿದರೆ ಅದರ ನಿರ್ಗಮನ ಸಂಕೇತವನ್ನು ಓದಿ. ವಿಂಡೋಸ್‌ನಲ್ಲಿ ಹದಿನಾರರ ಮಾನದಲ್ಲಿ ‘ಸಿ0000135’ ಎಂದರೆ ಡಿಎಲ್‌ಎಲ್ ಒಂದು ಸಿಗಲಿಲ್ಲ. ‘ಸಿ000007ಬಿ’ ಎಂದರೆ ಸಾಮಾನ್ಯವಾಗಿ 32 ಮತ್ತು 64 ಬಿಟ್‌ಗಳು ಬೆರೆತಿವೆ. ಮ್ಯಾಕ್‌ನಲ್ಲಿ ವಲ್ಕನ್ ಓಡುವುದು ಸಾಮಾನ್ಯವಾಗಿ ಮೋಲ್ಟನ್‌ವಿಕೆ (ವಲ್ಕನ್ ಕರೆಗಳನ್ನು ಆ್ಯಪಲ್‌ನ ಮೆಟಲ್‌ಗೆ ಅನುವಾದಿಸುವ ಲೈಬ್ರರಿ) ಮೂಲಕ. ಎಸ್‌ಡಿಕೆ 1.3.216ರಿಂದ ಈಚೆಗೆ, ಇನ್‌ಸ್ಟನ್ಸ್ ರಚಿಸುವ ಕೋಡಿನಲ್ಲಿ ಪೋರ್ಟಬಿಲಿಟಿ ಎನ್ಯೂಮರೇಶನ್ ಎಕ್ಸ್‌ಟೆನ್ಶನ್ ಮತ್ತು ಅದರ ಫ್ಲ್ಯಾಗ್ ಇಲ್ಲದಿದ್ದರೆ ‘ಇನ್‌ಕಂಪ್ಯಾಟಿಬಲ್ ಡ್ರೈವರ್’ ಎಂಬ ಎರರ್ ಬರುತ್ತದೆ. ಡ್ರೈವರನ್ನು ಎಷ್ಟು ಸಲ ಬದಲಿಸಿದರೂ ಅದು ಹೋಗುವುದಿಲ್ಲ, ಕೋಡಿನಲ್ಲೇ ಸೇರಿಸಬೇಕು.

## ಹಂತ 8: ಕಪ್ಪು ಪರದೆ ಬಂದಾಗ

ಮೊದಲು ವ್ಯಾಲಿಡೇಶನ್ ಲೇಯರ್ ಆನ್ ಮಾಡಿ. ವೇಗಕ್ಕಾಗಿ ವಲ್ಕನ್ ಡ್ರೈವರ್ ಹೆಚ್ಚಿನ ತಪ್ಪುಗಳನ್ನು ಪರಿಶೀಲಿಸುವುದೇ ಇಲ್ಲ. ತಪ್ಪನ್ನು ಹೇಳುವ ಕೆಲಸ ಈ ಲೇಯರಿನದು. ಕೋಡ್ ಮುಟ್ಟದೆಯೇ ಎಸ್‌ಡಿಕೆಯಲ್ಲಿರುವ ವಲ್ಕನ್ ಕಾನ್ಫಿಗರೇಟರ್ ಮೂಲಕ ಇದನ್ನು ಆನ್ ಮಾಡಬಹುದು. ಬರುವ ಎರರ್ ಸಂದೇಶಗಳಲ್ಲಿ ಸಾಮಾನ್ಯವಾಗಿ ವಿಯುಐಡಿ ಎಂಬ ಗುರುತು ಇರುತ್ತದೆ, ಅದನ್ನು ವಲ್ಕನ್ ವಿವರಣೆಯಲ್ಲಿ ಹುಡುಕಿದರೆ ಮುರಿದ ನಿಯಮ ಸಿಗುತ್ತದೆ. ಇಲ್ಲಿಯೂ ಮೊದಲ ಸಂದೇಶಕ್ಕೇ ಬೆಲೆ ಕೊಡಿ.

ವ್ಯಾಲಿಡೇಶನ್ ಮೌನವಾಗಿದ್ದರೆ, ಪರದೆಯನ್ನು ಅಳಿಸುವ ಬಣ್ಣವನ್ನು ಕೋಡಿನಲ್ಲಿ ಕಡುಗೆಂಪು ಮಾಡಿ. ಕಿಟಕಿ ಕೆಂಪಾದರೆ ಸ್ವಾಪ್‌ಚೈನ್ (ಪರದೆಗೆ ಹೋಗುವ ಚಿತ್ರಗಳ ಸರದಿ) ಮತ್ತು ಪ್ರದರ್ಶನ ಸರಿಯಾಗಿವೆ, ತೊಂದರೆ ಚಿತ್ರಿಸುವ ಹಂತದಲ್ಲಿದೆ. ಕೆಂಪಾಗದಿದ್ದರೆ ಚಿತ್ರ ಪರದೆಗೆ ತಲುಪುತ್ತಲೇ ಇಲ್ಲ, ಅಥವಾ ಕೊನೆಯ ಪೂರ್ಣಪರದೆಯ ಪಾಸ್ ಅದರ ಮೇಲೆ ಕಪ್ಪು ಬಳಿಯುತ್ತಿದೆ. ಈ ಒಂದು ನಿಮಿಷದ ಪ್ರಯೋಗ ಹುಡುಕಾಟದ ಅರ್ಧ ಭಾಗವನ್ನು ಕಡಿಮೆ ಮಾಡುತ್ತದೆ.

ಬಳಿಕ ಗ್ರಾಫಿಕ್ಸ್ ಡಿಬಗರ್ ಆದ ರೆಂಡರ್‌ಡಾಕ್‌ನಿಂದ ಪ್ರೋಗ್ರಾಂ ಆರಂಭಿಸಿ, ಎಫ್12 ಒತ್ತಿ ಒಂದು ಫ್ರೇಮ್ ಸೆರೆಹಿಡಿಯಿರಿ. ಮೊದಲು ಡ್ರಾ ಕರೆಗಳು (ಆಕಾರ ಚಿತ್ರಿಸಲು ಜಿಪಿಯುಗೆ ಕೊಡುವ ಆದೇಶಗಳು) ಇವೆಯೇ ನೋಡಿ. ಒಂದೂ ಇಲ್ಲದಿದ್ದರೆ ಮಾದರಿ ಲೋಡ್ ಆಗಿಲ್ಲ. ಇದ್ದರೆ, ಮೆಶ್ ವೀಕ್ಷಕದಲ್ಲಿ ವರ್ಟೆಕ್ಸ್ ಶೇಡರ್‌ನಿಂದ ಹೊರಬಂದ ಆಕಾರ ಕ್ಯಾಮೆರಾದ ಮುಂದಿದೆಯೇ ಎಂಬುದನ್ನೂ, ನಂತರ ಟೆಕ್ಸ್‌ಚರ್‌ಗಳಲ್ಲಿ ಚಿತ್ರವಿದೆಯೇ ಎಂಬುದನ್ನೂ ಇದೇ ಕ್ರಮದಲ್ಲಿ ಪರಿಶೀಲಿಸಿ. ಎಲ್ಲ ಟೆಕ್ಸ್‌ಚರ್‌ಗಳೂ ಖಾಲಿಯಾಗಿದ್ದರೆ ಮೂರನೆಯ ಹಂತದ ಎಲ್‌ಎಫ್‌ಎಸ್ ತಪಾಸಣೆಗೆ ಹಿಂದಿರುಗಿ.

ಕೆಲವು ಸೆಕೆಂಡು ಪರದೆ ಸ್ತಬ್ಧವಾಗಿ ‘ಡಿವೈಸ್ ಲಾಸ್ಟ್’ ಬಂದರೆ ಕತೆ ಬೇರೆ. ಜಿಪಿಯು ಒಂದೇ ಕೆಲಸದಲ್ಲಿ ಸಿಕ್ಕಿಕೊಂಡು ಉತ್ತರಿಸದಿದ್ದಾಗ ವಿಂಡೋಸ್ ಪೂರ್ವನಿಯೋಜಿತವಾಗಿ 2 ಸೆಕೆಂಡು ಕಾದು ಡ್ರೈವರನ್ನು ಮರುಆರಂಭಿಸುತ್ತದೆ. ಆ ಅವಧಿಯನ್ನು ರಿಜಿಸ್ಟ್ರಿಯಲ್ಲಿ ಹೆಚ್ಚಿಸುವ ಸಲಹೆ ಎಲ್ಲೆಡೆ ಸಿಗುತ್ತದೆ; ಅನಂತ ಲೂಪಿನಲ್ಲಿರುವ ಶೇಡರ್‌ಗೆ ಅದರಿಂದ ಏನೂ ಆಗದು. ಮೊದಲು ರೆಸಲ್ಯೂಶನ್ ಮತ್ತು ರೇ ಸ್ಯಾಂಪಲ್‌ಗಳ ಸಂಖ್ಯೆಯನ್ನು ಇಳಿಸಿ ಪರೀಕ್ಷಿಸಿ.

ಕಾರಣವೇ ತಿಳಿಯದ ಕ್ರ್ಯಾಶ್‌ಗಳಲ್ಲಿ ಪರದೆ ರೆಕಾರ್ಡ್ ಮಾಡುವ, ಆಟಗಳ ಮೇಲೆ ಮಾಹಿತಿ ತೋರಿಸುವ ಪ್ರೋಗ್ರಾಂಗಳನ್ನೂ ಸಂಶಯಿಸಿ. ಅವು ನಿಮಗೆ ತಿಳಿಯದಂತೆ ವಲ್ಕನ್ ಲೇಯರ್‌ಗಳಾಗಿ ನಿಮ್ಮ ಪ್ರೋಗ್ರಾಂ ಒಳಗೆ ಸೇರಿರುತ್ತವೆ. ‘ವಲ್ಕನ್‌ಇನ್ಫೋ’ ಪಟ್ಟಿಯಲ್ಲಿ ಅವುಗಳ ಹೆಸರುಗಳು ಕಾಣುತ್ತವೆ.

## ಹಂತ 9: ವೇಗ ಅಳೆಯುವುದು ಮತ್ತು ಮುಂದೆ ನವೀಕರಿಸುವುದು

ಡಿಬಗ್ ಬಿಲ್ಡ್‌ನಲ್ಲಿ, ವ್ಯಾಲಿಡೇಶನ್ ಆನ್ ಇರುವಾಗ ಅಳೆದ ವೇಗಕ್ಕೆ ಅರ್ಥವಿಲ್ಲ. ರಿಲೀಸ್ ಬಿಲ್ಡ್ ಮಾಡಿ, ವ್ಯಾಲಿಡೇಶನ್ ಆಫ್ ಮಾಡಿ, ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರಿನ ರಿಫ್ರೆಶ್‌ಗೆ ಹೊಂದಿಸುವುದು) ತೆಗೆದು ಅಳೆಯಿರಿ. ವಿ-ಸಿಂಕ್ ಇರುವ ‘ಫೈಫೋ’ ಪ್ರೆಸೆಂಟ್ ಮೋಡ್‌ನಲ್ಲಿ ವೇಗ ಮಾನಿಟರಿನ ರಿಫ್ರೆಶ್ ದರವನ್ನು ದಾಟುವುದಿಲ್ಲ. ಮೊದಲ ಓಟದಲ್ಲಿ ಡ್ರೈವರ್ ಪೈಪ್‌ಲೈನ್‌ಗಳನ್ನು ಕಂಪೈಲ್ ಮಾಡುತ್ತಿರುವುದರಿಂದ ಎರಡನೆಯ ಓಟದ ಅಳತೆಯನ್ನೇ ಪರಿಗಣಿಸಿ.

ಅಳತೆಯನ್ನು ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದರ ಬದಲು ಒಂದು ಫ್ರೇಮಿಗೆ ಎಷ್ಟು ಮಿಲಿಸೆಕೆಂಡ್ ಎಂದು ಬರೆದಿಡಿ. 60 ಫ್ರೇಮ್‌ಗಳ ಗುರಿಗೆ 16.67 ಮಿಲಿಸೆಕೆಂಡ್, 144ಕ್ಕೆ 6.94 ಮಿಲಿಸೆಕೆಂಡ್ ಸಿಗುತ್ತದೆ. ವೇಗ 200ರಿಂದ 150ಕ್ಕೆ ಇಳಿದಾಗ ದೊಡ್ಡ ನಷ್ಟವೆನಿಸಿದರೂ ಹೆಚ್ಚಿದ ಕೆಲಸ 1.67 ಮಿಲಿಸೆಕೆಂಡ್ ಮಾತ್ರ. 60ರಿಂದ 50ಕ್ಕೆ ಇಳಿದರೆ 3.33 ಮಿಲಿಸೆಕೆಂಡ್, ಅಂದರೆ ಅದರ ಎರಡರಷ್ಟು.

ಮುಂದೆ ಹೊಸ ಕೋಡ್ ತರುವಾಗ ಕ್ರಮ ಹೀಗಿರಲಿ: ‘ಗಿಟ್ ಪುಲ್’, ನಂತರ ರಿಕರ್ಸಿವ್ ಸಬ್‌ಮಾಡ್ಯೂಲ್ ಅಪ್‌ಡೇಟ್, ನಂತರ ‘ಗಿಟ್ ಎಲ್‌ಎಫ್‌ಎಸ್ ಪುಲ್’, ಆಮೇಲೆ ಕಾನ್ಫಿಗರ್, ಕೊನೆಗೆ ಬಿಲ್ಡ್. ‘ಗಿಟ್ ಪುಲ್’ ತಾನಾಗಿಯೇ ಸಬ್‌ಮಾಡ್ಯೂಲುಗಳನ್ನು ಹೊಸ ಆವೃತ್ತಿಗೆ ಒಯ್ಯುವುದಿಲ್ಲ. ನಿನ್ನೆಯವರೆಗೆ ಸರಿಯಾಗಿದ್ದ ಬಿಲ್ಡ್ ಪುಲ್ ಮಾಡಿದ ತಕ್ಷಣ ಕೆಟ್ಟರೆ, ಕೋಡನ್ನು ಓದಲು ಕೂರುವ ಮೊದಲು ಮೂರನೆಯ ಹಂತದ ಸ್ಟೇಟಸ್ ಕಮಾಂಡನ್ನು ಕೊಟ್ಟು ಸಾಲುಗಳ ಆರಂಭದ ಚಿಹ್ನೆಗಳನ್ನು ನೋಡಿ.